ಒಂದು ಬೆರಳು ವಾಟ

"ನೆಲ ಸರಿಯಾಗೇ ಐತೆ ಮೇಡಂ," ಎಂದರು ಮೇಸ್ತ್ರಿ. "ಸರಿ ಇಲ್ದೇ ಇರೋದು ನೀವು ಫಿಶ್ ಟ್ಯಾಂಕ್ ಇಟ್ಟಿರೋ ಮೂಲೆ."

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರಿಗೆ ಈ ಉತ್ತರ ಹಿಡಿಸಲಿಲ್ಲ. ಆಲೂರಿಗೂ ಬಾಳ್ಳುಪೇಟೆಗೂ ನಡುವೆ, ಗುಡ್ಡದ ಮಗ್ಗುಲಲ್ಲಿ ಕಟ್ಟಿದ ಹೆಂಚಿನ ಮನೆ ಅವರದು. ಮಾವನ ಕಾಲದ ರೆಡ್ ಆಕ್ಸೈಡ್ ನೆಲ, ಒರೆಸಿ ಒರೆಸಿ ಹೊಳಪು ಬಂದಿದೆ. ಮಗನ ಹಟಕ್ಕೆ ಹಾಸನದಿಂದ ಮೂರಡಿ ಉದ್ದದ ಗಾಜಿನ ಟ್ಯಾಂಕು, ಅದಕ್ಕೊಂದು ಆಂಗಲ್ ಐರನ್ ಸ್ಟ್ಯಾಂಡು ತರಿಸಿ ಹಜಾರದ ಮೂಲೆಯಲ್ಲಿ ಇಟ್ಟಿದ್ದರು. ಪೂರ್ತಿ ತುಂಬಿಸುವ ಮೊದಲು ಎರಡಂಗುಲ ನೀರು ಹಾಕಿ ನೋಡಿದರೆ, ಎಡಕ್ಕಿಂತ ಬಲಗಡೆ ನೀರು ಒಂದು ಬೆರಳು ಮೇಲಿತ್ತು. ನೀರು ಸೊಟ್ಟಗೆ ನಿಲ್ಲುವುದಿಲ್ಲ, ಆದ್ದರಿಂದ ನೆಲವೇ ಸೊಟ್ಟ ಎಂದು ತೀರ್ಮಾನಿಸಿ, ಹಜಾರವನ್ನೆಲ್ಲ ಮಟ್ಟ ಮಾಡಿ ಟೈಲ್ಸ್ ಹಾಕಿಸಲು ಎಷ್ಟಾಗುತ್ತದೆಂದು ಕೇಳಲು ಮೇಸ್ತ್ರಿಯನ್ನು ಕರೆಸಿದ್ದರು.

"ವ್ಯತ್ಯಾಸ ಕಣ್ಣಿಗೇ ಕಾಣ್ತಿದೆಯಲ್ಲ ಮೇಸ್ತ್ರಿ?"

"ಕಾಣ್ಬೇಕು. ಕಾಣ್ದೇ ಹೋದ್ರೆ ಈ ನೆಲ ಹಾಕಿದೋನಿಗೆ ಕೆಲ್ಸ ಬರ್ತಿರ್ಲಿಲ್ಲ ಅಂತ. ಹಜಾರ ತೊಳೆದ್ರೆ ನೀರು ಎಲ್ಲಿಗೆ ಹೋಗುತ್ತೆ?"

"ಬಾಗಿಲ ಕಡೆಗೆ."

"ತಾನಾಗೇ ಹೋಗುತ್ತಾ? ವಾಟ ಕೊಟ್ಟವ್ರೆ, ಹೋಗುತ್ತೆ. ಈ ನೆಲನ ನೀವು ಪೂರಾ ಮಟ್ಟ ಮಾಡ್ಸಿದ್ರಿ ಅನ್ಕಳಿ. ಮಳೆಗಾಲದಲ್ಲಿ ಕೊಡೆ ಮಡಚಿ ತಂದು ಒಳಗಿಟ್ಟ ನೀರು ಸೈತ ಅಲ್ಲೇ ನಿಂತಿರುತ್ತೆ."

ಮೇಸ್ತ್ರಿಯ ಮಾತಿನಲ್ಲಿ ಈ ಸೀಮೆಯ ಹವಾಮಾನವೇ ಇದೆ. ಸಕಲೇಶಪುರ ತಾಲ್ಲೂಕಿನ ಪಶ್ಚಿಮದಂಚಿಗೆ, ಹೆತ್ತೂರು, ಬಿಸಿಲೆಯ ಕಡೆಗೆ ಹೋದಷ್ಟೂ ಮಳೆ ಜೋರು. ಪೂರ್ವಕ್ಕೆ ಸರಿದು ಆಲೂರು ದಾಟಿದರೆ ಕಡಿಮೆಯಾಗುತ್ತ ಬಂದು ಹಾಸನದ ಹೊತ್ತಿಗೆ ಬಯಲುಸೀಮೆಯ ಲೆಕ್ಕಕ್ಕೆ ಇಳಿಯುತ್ತದೆ. ನಡುವಿನ ಊರುಗಳಲ್ಲಿ ಹಳೆಯ ಮನೆ ಕಟ್ಟಿದವರಿಗೆ ನೀರು ಒಳಗೆ ಬಾರದಂತೆ ತಡೆಯುವುದೊಂದು ಚಿಂತೆ, ಬಂದದ್ದನ್ನು ಹೊರಗೆ ಕಳಿಸುವುದು ಇನ್ನೊಂದು. ಜಗುಲಿ, ತೊಟ್ಟಿ, ಹಿತ್ತಲ ಬಾಗಿಲು, ಬಚ್ಚಲು, ಎಲ್ಲಕ್ಕೂ ಅದರದರ ವಾಟ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಇಳಿದರೆ ಕಾಲಿಗೆ ತಿಳಿಯುವುದಿಲ್ಲ, ನೀರಿಗೆ ತಿಳಿಯುತ್ತದೆ. ಬಚ್ಚಲಿಗಾದರೆ ಅದರ ಎರಡರಷ್ಟು ಕೊಡುವುದುಂಟು.

"ಎರಡರಷ್ಟು ಅಂದ್ರೆ 50ಕ್ಕೆ 1," ಎಂದು ಟೀಚರು ಲೆಕ್ಕ ಹಾಕಿ ನಕ್ಕರು. "ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯೋ ರೈಲು ದಾರಿಯ ಇಳಿಜಾರೂ ಅಷ್ಟೇ. 1979ರಲ್ಲಿ ಶುರುವಾದ ಲೈನು. ಗೂಡ್ಸ್ ಗಾಡಿ ಹತ್ತೋವಾಗ ಹಿಂದುಗಡೆಯಿಂದಲೂ ಇಂಜಿನ್ ಕಟ್ಟಿ ತಳ್ಳಿಸ್ತಾರೆ. ನಮ್ಮ ಬಚ್ಚಲಲ್ಲಿ ದಿನಾ ಘಾಟಿ ಇಳೀತಿದ್ದೀವಿ ಅನ್ನಿ."

ಇಲ್ಲಿಗೆ ಒಂದು ವಿಷಯ ಇತ್ಯರ್ಥವಾಗಬೇಕಿತ್ತು. ನೆಲದ ವಾಟ ದೋಷವಲ್ಲವೆಂದಾದರೆ ಮೂಲೆಯಲ್ಲೇನು ದೋಷ? ಮೇಸ್ತ್ರಿ ಮಾತಾಡದೆ ಸ್ಟ್ಯಾಂಡಿನ ಹಿಂದೆ ಬಗ್ಗಿ, ಗೋಡೆ ಸೇರುವ ಕಡೆ ನೆಲದ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದರು. ಎರಡಡಿ ಗಟ್ಟಿ ಸದ್ದು. ಆಮೇಲೆ ಟೊಳ್ಳು. ಟೊಳ್ಳು ಶುರುವಾದ ಕಡೆಯೇ ಕೂದಲೆಳೆಯಂಥ ಒಂದು ಬಿರುಕು ಹಜಾರದ ಉದ್ದಕ್ಕೂ ಓಡಿತ್ತು. ಮನೆಯವರು ಅದನ್ನು ಬಿರುಕೆಂದು ಎಂದೂ ಲೆಕ್ಕಕ್ಕೆ ಇಟ್ಟಿರಲಿಲ್ಲ; ಆಕ್ಸೈಡ್ ನೆಲವೆಂದ ಮೇಲೆ ಇವೆಲ್ಲ ಇರುತ್ತವೆ ಎಂಬ ನಂಬಿಕೆ.

"ಈ ಗೆರೆಯಿಂದ ಆಚೆಗೆ ಗುಡ್ಡ ಕಡಿದ ಜಾಗ, ಈಚೆಗೆ ತುಂಬ್ಸಿದ ಜಾಗ," ಎಂದರು ಮೇಸ್ತ್ರಿ.

ಗುಡ್ಡದ ಮಗ್ಗುಲಲ್ಲಿ ಮನೆ ಕಟ್ಟುವ ಎಲ್ಲರೂ ಮಾಡುವುದು ಇದನ್ನೇ. ಮೇಲ್ಗಡೆ ಮಣ್ಣು ಕಡಿದು ಕೆಳಗಡೆಗೆ ಹಾಕಿದರೆ ಮಟ್ಟವಾದ ನಿವೇಶನ ಸಿಗುತ್ತದೆ, ಮಣ್ಣು ಹೊತ್ತು ಹೊರಗೆ ಸಾಗಿಸುವ ಖರ್ಚೂ ಉಳಿಯುತ್ತದೆ. ಕಡಿದ ಅರ್ಧದ ಕೆಳಗಿರುವುದು ಎಂದಿನಿಂದಲೋ ಅಲ್ಲೇ ಇರುವ ಗಟ್ಟಿ ಮಣ್ಣು. ತುಂಬಿಸಿದ ಅರ್ಧ ಮಾತ್ರ ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಅರ್ಧರ್ಧ ಅಡಿ ಮಣ್ಣು ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡೆದು, ಸಾಧ್ಯವಾದರೆ ಒಂದು ಮಳೆಗಾಲ ನೆನೆಯಲು ಬಿಟ್ಟು ಆಮೇಲೆ ನೆಲ ಹಾಕಿದರೆ ಕುಸಿತ ಕಡಿಮೆ. ಗೃಹಪ್ರವೇಶದ ಮುಹೂರ್ತ ಮೊದಲೇ ಗೊತ್ತಾಗಿದ್ದರೆ ಮಳೆಗಾಲಕ್ಕೆ ಕಾಯುವವರು ಯಾರು? ಅದರ ಮೇಲೆ ಹೆಗ್ಗಣಗಳು. ಸಡಿಲ ಮಣ್ಣನ್ನು ಹುಡುಕಿಕೊಂಡು ಬಂದು, ಗಾರೆಯಡಿ ಬಿಲ ತೋಡಿ ಟೊಳ್ಳು ಮಾಡುವುದರಲ್ಲಿ ಅವು ಯಾವ ಜೆಸಿಬಿಗೂ ಕಡಿಮೆಯಿಲ್ಲ.

ಹಾಗಾಗಿ ಹಜಾರದಲ್ಲಿ ಎರಡು ಬಗೆಯ ಇಳಿಜಾರುಗಳಿದ್ದವು. ಒಂದು, ಮನುಷ್ಯ ಬೇಕೆಂದು ಕೊಟ್ಟದ್ದು. ಅದು ಹಲಗೆ ಓರೆಯಾಗಿಟ್ಟಂತೆ ಒಂದೇ ಸಮನಾಗಿ ಇಳಿಯುತ್ತದೆ. ಇನ್ನೊಂದು, ಮಣ್ಣು ತಾನಾಗಿ ಮಾಡಿಕೊಂಡದ್ದು. ಅದಕ್ಕೆ ದಿಕ್ಕೂ ಇಲ್ಲ, ಅಳತೆಯೂ ಇಲ್ಲ. ಟ್ಯಾಂಕಿನ ನೀರು ತೋರಿಸುತ್ತಿದ್ದದ್ದು ಮೊದಲನೆಯದನ್ನು. ಗಾಜಿಗೆ ಅಪಾಯವಿದ್ದದ್ದು ಎರಡನೆಯದರಿಂದ. ಅಕ್ವೇರಿಯಂ ಇಡುವವರಲ್ಲಿ ಬಹುಪಾಲು ಜನ ಹೆದರುವುದು ಕಣ್ಣಿಗೆ ಕಾಣುವ ಓರೆ ನೀರಿಗೆ. ಕಾಣದ ತಿರುಚನ್ನು ಅಳೆಯುವ ಗೋಜಿಗೇ ಹೋಗುವುದಿಲ್ಲ.

ಟೀಚರು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. "ಓರೆಯಾದ್ರೆ ಒಂದು ಕಡೆ ನೀರು ಜಾಸ್ತಿ, ಒತ್ತಡ ಜಾಸ್ತಿ. ಆ ಕಡೆಯ ಗಾಜು ಒಡೆಯಲ್ವಾ?"

"ನೀವೇ ಲೆಕ್ಕ ಹಾಕಿ, ನಂಗೇನು ಗೊತ್ತು."

ಮಗನ ರಫ್ ನೋಟ್ ಬುಕ್ ಬಂತು. ಟ್ಯಾಂಕಿನ ಉದ್ದ 90 ಸೆಂ.ಮೀ., ಅಗಲ 38, ಎತ್ತರ 45. ಮೇಲೆ ಐದು ಸೆಂ.ಮೀ. ಬಿಟ್ಟು 40ರವರೆಗೆ ತುಂಬಿಸಿದರೆ ಹತ್ತಿರ ಹತ್ತಿರ 135 ಲೀಟರ್ ನೀರು, ಅಂದರೆ 135 ಕೆ.ಜಿ. ಎಂಟು ಮಿ.ಮೀ. ಗಾಜಿನದು ಸುಮಾರು 30 ಕೆ.ಜಿ. ಕೆಳಗೆ ಹಾಸುವ ಜಲ್ಲಿ 20. ಸ್ಟ್ಯಾಂಡು ಸೇರಿದರೆ ಒಟ್ಟು ಎರಡು ಕ್ವಿಂಟಾಲ್.

"ನಾಲ್ಕು ಮೂಟೆ ಕಾಫಿ," ಎಂದರು ಮೇಸ್ತ್ರಿ. ಈ ಕಡೆ ಕಾಫಿಯ ರೇಟು ಹೇಳುವುದೇ 50 ಕೆ.ಜಿ. ಮೂಟೆಯ ಲೆಕ್ಕದಲ್ಲಿ. "ನಾಲ್ಕು ಮೂಟೆ ಒಂದರ ಮೇಲೊಂದು ಪೇರ್ಸಿ ವರ್ಷಗಟ್ಲೆ ಒಂದೇ ಕಡೆ ಇಟ್ಟಂಗೆ. ಅಲ್ಲಾಡಂಗಿಲ್ಲ, ಮಾರಂಗೂ ಇಲ್ಲ."

ನೀರಿನ ಒತ್ತಡ ಆಳವನ್ನು ಮಾತ್ರ ಅವಲಂಬಿಸುತ್ತದೆ. ಗಾಜಿನ ಹಿಂದೆ ಎಷ್ಟು ನೀರಿದೆ ಎಂಬುದನ್ನಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಮೇಲ್ತುದಿಯ 40 ಸೆಂ.ಮೀ. ನೀರು ಗೋಡೆಯ 90 ಸೆಂ.ಮೀ. ಉದ್ದವನ್ನು ಎಷ್ಟು ತಳ್ಳುತ್ತದೋ, ಈ ಟ್ಯಾಂಕಿನ ನೀರು ಮುಂದಿನ ಗಾಜನ್ನು ಅಷ್ಟೇ ತಳ್ಳುತ್ತದೆ. ಎರಡೂ ಕಡೆ ಸುಮಾರು 72 ಕೆ.ಜಿ. ತೂಕದಷ್ಟು ಬಲ. ಹಿಂದೆ ಜಲಾಶಯವೇ ಇದ್ದರೂ ವ್ಯತ್ಯಾಸವಿಲ್ಲ. ಈಗ ಟ್ಯಾಂಕು ಒಂದು ಕಡೆ 9 ಮಿ.ಮೀ. ತಗ್ಗಿದೆ ಎಂದುಕೊಂಡರೆ ಎರಡು ತುದಿಗಳ ತಳದ ಒತ್ತಡದಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಎರಡೂಕಾಲು. ಘಾಟಿ ರೈಲಿನ ಇಳಿಜಾರಿನಲ್ಲಿ ಇಟ್ಟರೂ ನೂರಕ್ಕೆ ನಾಲ್ಕೂವರೆ.

ಟೀಚರು ಪೆನ್ನು ಕೆಳಗಿಟ್ಟರು. "ಇಷ್ಟೇನಾ?"

ಇಷ್ಟೇ. ಗಾಜಿನ ದಪ್ಪ ಗೊತ್ತುಮಾಡುವಾಗ ಇದರ ಎಷ್ಟೋ ಪಟ್ಟು ಅಂತರ ಬಿಟ್ಟಿರುತ್ತಾರೆ. ಹಾಗೆಂದು ಓರೆಯನ್ನು ಹಾಗೇ ಬಿಡಬಹುದೆಂದು ಅರ್ಥವಲ್ಲ. ತಗ್ಗಿನ ಕಡೆ ನೀರು ಅಂಚಿಗೆ ಹತ್ತಿರವಾಗುವುದರಿಂದ ತುಂಬಿಸಬಹುದಾದ ನೀರು ಕಡಿಮೆಯಾಗುತ್ತದೆ. ಹಿಂಬದಿಗೆ ತೂಗುಹಾಕುವ ಫಿಲ್ಟರಿನ ಬಾಯಿಂದ ನೀರು ಒಂದೇ ಪಕ್ಕಕ್ಕೆ ಬೀಳುತ್ತದೆ. ನೋಡುವವರ ಕಣ್ಣಿಗಂತೂ ದಿನವಿಡೀ ಕಿರಿಕಿರಿ, ಬಂದ ನೆಂಟರೆಲ್ಲ ಕತ್ತು ವಾಲಿಸಿ ನೋಡುತ್ತಾರೆ. ಆದರೆ ಬರೇ ಓರೆಯಿಂದ ಗಾಜು ಒಡೆಯುವ ಸಂಭವ ಕಡಿಮೆ.

ತಿರುಚಿನ ಕತೆ ಬೇರೆ. ನಾಲ್ಕು ಕಾಲುಗಳ ಪೈಕಿ ಮೂರು ಒಂದು ಸಮತಲದಲ್ಲಿದ್ದು ನಾಲ್ಕನೆಯದು ಕುಸಿದಿದ್ದರೆ, ಖಾಲಿ ಸ್ಟ್ಯಾಂಡು ಕಟಕಟ ಅಲ್ಲಾಡುತ್ತದೆ. ಎರಡು ಕ್ವಿಂಟಾಲ್ ಹೇರಿದ ಕೂಡಲೇ ಅಲ್ಲಾಟ ನಿಂತುಹೋಗುತ್ತದೆ. ಸರಿಯಾಯಿತು ಎಂದು ಮನೆಯವರಿಗೆ ಸಮಾಧಾನ. ನಿಜವಾಗಿ ಆದದ್ದೆಂದರೆ, ಕಬ್ಬಿಣ ಆ ಕುಸಿದ ಮೂಲೆಗೆ ಬಗ್ಗಿದೆ; ಅದರ ಮೇಲಿನ ಗಾಜೂ ಜೊತೆಗೆ ಬಗ್ಗಲು ನೋಡುತ್ತಿದೆ. ಕಬ್ಬಿಣಕ್ಕೆ ಬಗ್ಗುವುದು ಗೊತ್ತು. ಗಾಜಿಗೆ ಗೊತ್ತಿಲ್ಲ. ಮೂಲೆಗಳನ್ನು ಹಿಡಿದಿರುವ ಸಿಲಿಕೋನ್ ರಬ್ಬರಿನಂತೆ ಸ್ವಲ್ಪ ಎಳೆದುಕೊಳ್ಳಬಲ್ಲದು, ಆದ್ದರಿಂದ ಮೊದಮೊದಲು ಏನೂ ಆಗುವುದಿಲ್ಲ. ತಿಂಗಳುಗಳಾದ ಮೇಲೆ ಒಂದು ಮೂಲೆಯಲ್ಲಿ ತೇವ ಕಾಣಿಸಿಕೊಳ್ಳಬಹುದು, ಇಲ್ಲವೇ ತಳದ ಗಾಜಿನಲ್ಲಿ ಓರೆ ಬಿರುಕು.

"ಬರ್ಲಿನ್‌ನಲ್ಲಿ ಒಡೆದದ್ದೂ ಹಿಂಗೇನಾ?" ಎಂದು ಕೇಳಿದ್ದು ಒಳಗಿನಿಂದ ಬಂದ ಮಗ. 2022ರ ಡಿಸೆಂಬರ್ 16ರ ಬೆಳಗಿನ ಜಾವ ಬರ್ಲಿನ್ನಿನ ಹೋಟೆಲೊಂದರೊಳಗೆ ಆಕ್ವಾಡೋಮ್ ಎಂಬ ಕೊಳವೆಯಾಕಾರದ ಬೃಹತ್ ಅಕ್ವೇರಿಯಂ ಸಿಡಿದು, ಹತ್ತು ಲಕ್ಷ ಲೀಟರ್ ನೀರು ಬೀದಿಗೆ ಹರಿದ ದೃಶ್ಯವನ್ನು ಅವನು ಮೊಬೈಲಿನಲ್ಲಿ ನೋಡಿದ್ದ.

"ಅದು ಗಾಜಲ್ಲ, ಅಕ್ರಿಲಿಕ್. ತನಿಖೆ ಮಾಡಿದವರಿಗೂ ಇದೇ ಕಾರಣ ಅಂತ ಖಚಿತವಾಗಿ ಹೇಳೋಕೆ ಆಗಿಲ್ಲ," ಎಂದು ಟೀಚರು ಅವನನ್ನು ಓದಲು ಕಳಿಸಿದರು. ಮೂರಡಿಯ ಟ್ಯಾಂಕಿಗೆ ಬರ್ಲಿನ್ನಿನ ಹೆದರಿಕೆ ಬೇಡ. ಆದರೆ 135 ಲೀಟರ್ ನೀರು ರಾತ್ರಿ ಹಜಾರಕ್ಕೆ ಇಳಿದರೆ ಬರ್ಲಿನ್ನಿಗೆ ಹೋಲಿಸಿ ಸಮಾಧಾನಪಟ್ಟುಕೊಳ್ಳಲು ಆಗುವುದೂ ಇಲ್ಲ.

ಅಳೆಯುವ ಕೆಲಸ ಶುರುವಾಯಿತು. ಎರಡಂಗುಲ ನೀರನ್ನು ಚೊಂಬಿನಲ್ಲಿ ಮೊಗೆದು ತೆಗೆದು, ಟ್ಯಾಂಕನ್ನೂ ಸ್ಟ್ಯಾಂಡನ್ನೂ ಪಕ್ಕಕ್ಕೆ ಸರಿಸಿದರು. ಸ್ಟ್ಯಾಂಡಿನ ನಾಲ್ಕು ಕಾಲು ಊರಿದ್ದ ಜಾಗಕ್ಕೆ ಸೀಮೆಸುಣ್ಣದ ಗುರುತು.

ಟೀಚರು ಮೊಬೈಲಿನ ಲೆವೆಲ್ ಆ್ಯಪ್ ತೆರೆದು ನೆಲದ ಮೇಲಿಟ್ಟರು. ಹಿಂಬದಿಯ ಕ್ಯಾಮೆರಾ ಉಬ್ಬಿನ ಮೇಲೆ ನಿಂತ ಮೊಬೈಲು ಅದರ ಓರೆಯನ್ನೇ ನೆಲದ ಓರೆಯೆಂದು ತೋರಿಸಿತು. ಮೇಸ್ತ್ರಿ ಚೀಲದಿಂದ ರಸಮಟ್ಟ ತೆಗೆದರು. ಇಟ್ಟು, ಗುಳ್ಳೆ ನೋಡಿ, ಅದೇ ಜಾಗದಲ್ಲಿ ತುದಿ ಬದಲಿಸಿ ಇನ್ನೊಮ್ಮೆ ಇಟ್ಟರು.

"ಎರಡು ಸಲ ಯಾಕೆ?"

"ರಸಮಟ್ಟನೇ ಸುಳ್ಳು ಹೇಳ್ತಿದ್ರೆ? ತಿರುಗ್ಸಿ ಇಟ್ರೂ ಗುಳ್ಳೆ ಅದೇ ಗೋಡೆ ಕಡೆ ಅಷ್ಟೇ ಹೋದ್ರೆ ರಸಮಟ್ಟ ಸರಿ, ನೆಲ ಓರೆ. ಬೇರೆ ಕಡೆ ಹೋದ್ರೆ ಇದನ್ನ ಬಿಸಾಕ್ಬೇಕು."

ರಸಮಟ್ಟ ಸರಿಯಾಗಿತ್ತು. ಆದರೂ ಅವರು ಅದನ್ನು ಬದಿಗಿಟ್ಟರು. ರಸಮಟ್ಟ ತಾನು ಕೂತ ಎರಡಡಿಯ ಸಂಗತಿಯನ್ನಷ್ಟೇ ಹೇಳುತ್ತದೆ. ನಾಲ್ಕು ಮೂಲೆಗಳು ಒಂದಕ್ಕೊಂದು ಹೇಗಿವೆ ಎಂದು ತಿಳಿಯಲು ಬೇಕಾದದ್ದು ಲೆವೆಲ್ ಪೈಪು. ಪಾಯದಿಂದ ಲಿಂಟಲಿನವರೆಗೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪು ಅದು: ಒಳಗೆ ನೀರು, ಎರಡು ತುದಿಯೂ ತೆರೆದಿರಬೇಕು, ನಡುವೆ ಎಲ್ಲೇ ಹೊರಳಲಿ ಬಳುಕಲಿ ಎರಡು ತುದಿಗಳ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

ಮೇಸ್ತ್ರಿಯ ಪೈಪು ಸಕಲೇಶಪುರದ ಇನ್ನೊಂದು ಕೆಲಸದ ಕಡೆ ಉಳಿದಿತ್ತು. ಟೀಚರು ಒಳಗೆ ಹೋಗಿ ಟ್ಯಾಂಕಿನ ಜೊತೆ ಕೊಟ್ಟಿದ್ದ ಸೈಫನ್ ಪೈಪು ತಂದರು. ವಾರಕ್ಕೊಮ್ಮೆ ಕೊಳೆ ನೀರು ಎಳೆದು ತೆಗೆಯಲು ಕೊಡುವ ಪೈಪು, ಗಾಜಿನಷ್ಟೇ ತಿಳಿ.

"ಇದಾಗುತ್ತಾ?"

"ಯಾಕಾಗಲ್ಲ? ಇದೇ ಅದು." ಮೇಸ್ತ್ರಿಗೆ ಖುಷಿಯಾಯಿತು. "ನೀರು ಚೆನ್ನಾಗಿ ಕಾಣ್ಲಿ ಅಂತ ನಮ್ ಹುಡುಗ್ರು ಒಂದು ತೊಟ್ಟು ಬಟ್ಟೆಗೆ ಹಾಕೋ ನೀಲಿ ಬಿಡ್ತಾರೆ. ನಿಮ್ದಕ್ಕೆ ಬ್ಯಾಡ, ಮೀನಿನ ಪೈಪು."

ಪೈಪಿನೊಳಗೆ ಗಾಳಿಗುಳ್ಳೆ ಒಂದೇ ಒಂದು ಉಳಿದರೂ ಲೆಕ್ಕ ತಪ್ಪುತ್ತದೆ. ಬೆರಳಿನಿಂದ ಪೈಪು ತಟ್ಟಿ ತಟ್ಟಿ ಗುಳ್ಳೆಗಳನ್ನೆಲ್ಲ ಮೇಲೇರಿಸಿದ ಮೇಲೆ ಒಂದು ತುದಿಯನ್ನು ಗೋಡೆಯ ಮೇಲಿನ ಪೆನ್ಸಿಲ್ ಗೆರೆಗೆ ಹಿಡಿದು, ಇನ್ನೊಂದನ್ನು ಒಂದೊಂದೇ ಗುರುತಿನ ಮೇಲೆ ನೆಟ್ಟಗೆ ನಿಲ್ಲಿಸಿ, ಗೆರೆಗೆ ನೀರು ಕೂಡಿದಾಗ ಅಲ್ಲಿಂದ ನೆಲದವರೆಗೆ ಟೇಪಿನಲ್ಲಿ ಅಳೆದರು. ಪ್ರತಿ ಸಲವೂ ನೀರಿನ ಓಲಾಟ ನಿಲ್ಲುವವರೆಗೆ ಕಾಯುವುದೇ ದೊಡ್ಡ ಕೆಲಸ.

ಕಾಯುತ್ತಿರುವಾಗ ಟೀಚರು ಮಕ್ಕಳನ್ನು ಬಿಸಿಲೆಯ ಕಡೆಗೆ ಪ್ರವಾಸ ಕರೆದೊಯ್ಯುವ ವಿಚಾರ ತೆಗೆದರು. ಆ ಹಾದಿಯಲ್ಲಿ ಮಂಕನಹಳ್ಳಿಯ ಬಳಿ ನೀರು ಇಬ್ಭಾಗವಾಗುವ ದಿಣ್ಣೆಯೊಂದಿದೆ. ಒಂದು ಪಕ್ಕಕ್ಕೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಕ್ಕದ್ದು ಕುಮಾರಧಾರಾ, ನೇತ್ರಾವತಿಯಾಗಿ ಅರಬ್ಬಿ ಸಮುದ್ರಕ್ಕೆ. "ಅಲ್ಲಿ ನಿಂತ್ರೆ ಯಾವ ಕಡೆ ಇಳಿಜಾರು ಅಂತ ಕಾಲಿಗೆ ಗೊತ್ತೇ ಆಗಲ್ಲ," ಎಂದರು.

"ವಾಟ ಗೊತ್ತಾಗೋದು ನೀರಿಗೇ. ಎತ್ತಿನಹೊಳೆ ನೀರನ್ನ ಪಂಪಲ್ಲಿ ಎತ್ತಿ ತಂದವ್ರಲ್ಲ, ಎತ್ತೋದಷ್ಟೇ ಪಂಪು. ಮುಂದಕ್ಕೆ ಕಾಲುವೇಲಿ ಹೋಗೋದು ವಾಟದಲ್ಲೇ." 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಸಿಕ್ಕ ಯೋಜನೆಯ ಮೊದಲ ಹಂತದ ಮಾತು ಅದು. ಅದರ ಸರಿತಪ್ಪುಗಳ ಬಗ್ಗೆ ಇಬ್ಬರಿಗೂ ಬೇರೆ ಬೇರೆ ಅಭಿಪ್ರಾಯ ಇದ್ದಂತಿತ್ತು. ಅಷ್ಟರಲ್ಲಿ ಪೈಪಿನ ನೀರು ನಿಂತಿತು.

ನಾಲ್ಕು ಅಂಕಿಗಳು ಹೀಗೆ ಬಂದವು. ಮುಂದಿನ ಎಡ ಮೂಲೆ 300 ಮಿ.ಮೀ., ಮುಂದಿನ ಬಲ 309, ಹಿಂದಿನ ಬಲ 311, ಹಿಂದಿನ ಎಡ 307. ಅಂಕಿ ದೊಡ್ಡದಾದಷ್ಟೂ ನೆಲ ತಗ್ಗು.

"ಬಲಕ್ಕೆ 9 ಇಳಿದಿದೆ, ಅದು ನಿಮ್ಮ ವಾಟ. ಮಿಕ್ಕಿದ್ದು?" ಎಂದು ಟೀಚರು ಕೇಳಿದರು.

ಮೇಸ್ತ್ರಿ ಮೂಲೆಯಿಂದ ಮೂಲೆಗೆ ಓರೆಯಾಗಿ ದಾರ ಎಳೆದು ತೋರಿಸಿದರು. ಎರಡು ದಾರಗಳು ನಡುವೆ ಒಂದನ್ನೊಂದು ಮುಟ್ಟುತ್ತಾ ಹಾದರೆ ನಾಲ್ಕು ಮೂಲೆಯೂ ಒಂದೇ ಸಮತಲದಲ್ಲಿವೆ. ಸಂದು ಕಂಡರೆ ತಿರುಚಿದೆ. ಬಾಗಿಲ ಚೌಕಟ್ಟು ತಿರುಚಿದೆಯೋ ಎಂದು ನೋಡಲೂ ದಾರವೇ ಸಾಕು. ಟೀಚರಿಗೆ ತಟ್ಟನೆ ಇನ್ನೊಂದು ದಾರಿ ಹೊಳೆಯಿತು: ದಾರದ ಕೆಲಸವನ್ನು ಕೂಡುವುದರಿಂದಲೇ ಮಾಡಬಹುದು. ಎದುರುಬದುರು ಮೂಲೆಗಳ ಅಂಕಿ ಕೂಡಿದರೆ, ನೆಲ ಎಷ್ಟೇ ಓರೆಯಿರಲಿ, ಸಮತಲವಾಗಿದ್ದರೆ ಎರಡು ಮೊತ್ತವೂ ಒಂದೇ ಬರಬೇಕು. 300ಕ್ಕೆ 311 ಸೇರಿದರೆ 611. 309ಕ್ಕೆ 307 ಸೇರಿದರೆ 616. ಐದು ಮಿ.ಮೀ. ಹೆಚ್ಚು. ಹಿಂದಿನ ಎಡ ಮೂಲೆ 302 ಇರಬೇಕಾದ ಕಡೆ 307 ಇದೆ. ಬಿರುಕು ಹಾದುಹೋಗಿರುವುದೂ, ಟೊಳ್ಳು ಸದ್ದು ಬಂದದ್ದೂ ಅಲ್ಲೇ.

ಮನೆಯಲ್ಲಿ ಟ್ಯಾಂಕಿಟ್ಟುಕೊಂಡ ಯಾರು ಬೇಕಾದರೂ ಇದನ್ನು ಪೈಪಿಲ್ಲದೆಯೂ ಮಾಡಬಹುದು. ನೀರು ತುಂಬಿದ ಟ್ಯಾಂಕಿನ ನಾಲ್ಕು ಮೂಲೆಗಳಲ್ಲಿ ಮೇಲಂಚಿನಿಂದ ನೀರಿನವರೆಗೆ ಸ್ಕೇಲಿನಲ್ಲಿ ಅಳೆದು, ಎದುರು ಮೂಲೆಗಳನ್ನು ಕೂಡಿ ನೋಡಿದರಾಯಿತು. ಮೊತ್ತಗಳು ಒಂದಾದರೆ ಓರೆ ಮಾತ್ರ. ಮಿಲಿಮೀಟರಿನ ವ್ಯತ್ಯಾಸ ಗಾಜು ಕತ್ತರಿಸಿದವನ ಕೈಯದೂ ಆಗಿರಬಹುದು. ಅದಕ್ಕಿಂತ ಹೆಚ್ಚಿದ್ದರೆ ಸ್ಟ್ಯಾಂಡಿನ ಕಾಲ ಬುಡ ನೋಡಬೇಕು.

"ಸರಿ, ಮೂರೇ ಕಾಲಿನ ಸ್ಟ್ಯಾಂಡ್ ಮಾಡಿಸಿಬಿಟ್ರೆ?" ಟೀಚರು ಪಟ್ಟು ಬಿಡಲಿಲ್ಲ. "ಮೂರು ಕಾಲಿನದು ಯಾವತ್ತೂ ಅಲ್ಲಾಡಲ್ಲ. ಬೇಲೂರು ದೇವಸ್ಥಾನದ ಅಂಗಳದಲ್ಲಿ 42 ಅಡಿ ಕಂಬ ಇದೆಯಲ್ಲ, ಅದನ್ನ ಯಾವ ಪಾಯಕ್ಕೂ ಹೂತಿಲ್ಲ. ಕಟ್ಟೆ ಮೇಲೆ ತನ್ನ ತೂಕದಿಂದಲೇ ನಿಂತಿದೆ. ಒಂದು ಬದಿಯಲ್ಲಿ ಗೈಡುಗಳು ಪೇಪರ್ ತೂರಿಸಿ ತೋರಿಸ್ತಾರೆ."

"ಅದು ಒಂದೇ ಕಲ್ಲು ಮೇಡಂ. ಎಲ್ಲಿ ಆಸರೆ ಸಿಗುತ್ತೋ ಅಲ್ಲಿ ಕೂತ್ಕಳುತ್ತೆ. ಗಾಜಿನ ತಳಕ್ಕೆ ಎಲ್ಲಾ ಕಡೆನೂ ಆಸರೆ ಬೇಕು. ಮೂರು ಕಾಲು ಅಂದ್ರೆ ಒಂದು ಮೂಲೆ ಗಾಳೀಲಿ. ಮಗ ಒಂದ್ಸಲ ಆ ಮೂಲೆಗೆ ಕೈ ಊರಿದ ಅನ್ಕಳಿ…"

ಟೀಚರು ಅದನ್ನು ಅಂದುಕೊಳ್ಳಲು ಇಷ್ಟಪಡಲಿಲ್ಲ.

ಹಾಗಾದರೆ ಸಂದು ತುಂಬಬೇಕು. ಯಾವುದರಿಂದ, ಎಲ್ಲಿ? ಟ್ಯಾಂಕ್ ಮಾರುವ ಅಂಗಡಿಗಳಲ್ಲಿ ಒಂದು ಥರ್ಮೊಕೋಲ್ ಹಾಳೆ ಕೊಟ್ಟು "ಇದು ಎಲ್ಲಾ ಸರಿ ಮಾಡುತ್ತೆ" ಎಂದು ಕಳಿಸುವುದು ವಾಡಿಕೆ. ಅದು ಮಾಡುವುದು ಒಂದೇ ಕೆಲಸ: ಸ್ಟ್ಯಾಂಡಿನ ಹಲಗೆಗೂ ಗಾಜಿನ ತಳಕ್ಕೂ ನಡುವೆ ಸಿಕ್ಕಿಕೊಂಡ ಮರಳಿನ ಹರಳು, ಮೊಳೆಯ ತಲೆ, ಬಣ್ಣದ ಗಂಟು ಇಂಥವು ಒಂದೇ ಬಿಂದುವಿನಲ್ಲಿ ಗಾಜನ್ನು ಒತ್ತದಂತೆ ತಾನು ಕುಗ್ಗಿ ಜಾಗ ಕೊಡುವುದು. ಬರಿಗಾಜಿನ ತಳಕ್ಕೆ ಅದು ಬೇಕು. ತಳದ ಸುತ್ತ ಪ್ಲಾಸ್ಟಿಕ್ ಚೌಕಟ್ಟಿದ್ದು ಗಾಜು ಮೇಲಕ್ಕೆ ಎತ್ತಿಕೊಂಡಿರುವ ಟ್ಯಾಂಕುಗಳಿಗೆ ಬೇಡ. ನೆಲದ ಐದು ಮಿ.ಮೀ. ಕುಸಿತವನ್ನು ಮಾತ್ರ ಅದು ಸರಿಮಾಡಲಾರದು. ಗಾಜಿಗೂ ಸ್ಟ್ಯಾಂಡಿಗೂ ನಡುವೆ ಒಂದು ಮೂಲೆಗಷ್ಟೇ ಚಕ್ಕೆ ತೂರಿಸುವುದಂತೂ ಎಲ್ಲಕ್ಕಿಂತ ಕೆಟ್ಟ ಉಪಾಯ. ಇಡೀ ತಳದಲ್ಲಿ ಹಂಚಿಹೋಗಬೇಕಾದ ತೂಕ ಆಗ ಅಂಗೈಯಗಲದ ಜಾಗಕ್ಕೆ ಬೀಳುತ್ತದೆ. ಏನೇ ಸರಿಮಾಡುವುದಿದ್ದರೂ ಸ್ಟ್ಯಾಂಡಿನ ಕಾಲಿಗೂ ನೆಲಕ್ಕೂ ನಡುವೆಯೇ ಮಾಡಬೇಕು. ಈ ಒಂದು ಮಾತನ್ನು ಅಂಗಡಿಯವರು ಬಿಲ್ಲಿನ ಹಿಂದೆ ಅಚ್ಚು ಹಾಕಿಸಿದರೂ ತಪ್ಪಿಲ್ಲ.

"ನಮ್ಮನೆಯವರು ರಟ್ಟು ಮಡಚಿ ಇಟ್ಟಿದ್ರು," ಎಂದು ಟೀಚರು ಮೆಲ್ಲಗೆ ಹೇಳಿದರು.

"ಹೋಟ್ಲು ಟೇಬಲ್ಲಿಗೆ ಇಟ್ಟಂಗೆ!" ಮೇಸ್ತ್ರಿ ನಕ್ಕರು. "ಇಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಕಪಾಟಲ್ಲಿರೋ ಬಟ್ಟೆಗೇ ಬೂಷ್ಟು ಹಿಡೀತದೆ. ರಟ್ಟು ಉಳಿಯುತ್ತಾ?"

ಮರದ ಚಕ್ಕೆಯೂ ಅವರಿಗೆ ಒಪ್ಪಿಗೆಯಿಲ್ಲ. ಕಾಫಿ ತೋಟದ ನೆರಳಿಗೆ ಹಾಕಿದ ಸಿಲ್ವರ್ ಓಕ್ ಈ ಕಡೆ ಎಲ್ಲರ ಹಿತ್ತಲಲ್ಲೂ ತುಂಡುತುಂಡಾಗಿ ಬಿದ್ದಿರುತ್ತದೆ, ಬೆಣೆ ಮಾಡಲು ಸಲೀಸು. ಆದರೆ ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕು ಕಾಲಿಗೂ ಒಂದೇ ದಪ್ಪದ ಚಕ್ಕೆ ಇದ್ದಿದ್ದರೆ ಎಲ್ಲವೂ ಒಟ್ಟಿಗೆ ಏರಿಳಿಯುತ್ತಿದ್ದವು. ಇಲ್ಲಿ ಒಂದಕ್ಕೆ ಏನೂ ಇಲ್ಲ, ಒಂದಕ್ಕೆ 7 ಮಿ.ಮೀ., ಒಂದಕ್ಕೆ 9, ಇನ್ನೊಂದಕ್ಕೆ 11. ಅದರ ಮೇಲೆ ನೀರು ಬದಲಿಸುವ ದಿನ ಚೆಲ್ಲಿದ್ದೆಲ್ಲ ಇಳಿಯುವುದು ಕಾಲ ಬುಡಕ್ಕೇ. ಗೆದ್ದಲಿಗೆ ಬೇರೆ ಆಹ್ವಾನ ಬೇಕಿಲ್ಲ.

ಕೊನೆಗೆ ಇಬ್ಬರೂ ಒಪ್ಪಿದ್ದು ವಾಷಿಂಗ್ ಮೆಷಿನ್ನಿನ ಕಾಲಿನ ವ್ಯವಸ್ಥೆಗೆ. ಸ್ಟ್ಯಾಂಡಿನ ನಾಲ್ಕು ಕಾಲಿನ ತಳಕ್ಕೂ ಬಾಳ್ಳುಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ನಟ್ಟು ಬೆಸೆದು, ಅದರೊಳಗೆ ಬೋಲ್ಟು ತಿರುಗಿಸಿ, ಮಟ್ಟ ಸಿಕ್ಕಿದ ಮೇಲೆ ಇನ್ನೊಂದು ನಟ್ಟಿನಿಂದ ಬಿಗಿ ಮಾಡುವುದು. ಎತ್ತರದ ಮೂಲೆ ಹಾಗೇ ಇರುತ್ತದೆ, ಉಳಿದ ಮೂರು ಅದರ ಮಟ್ಟಕ್ಕೆ ಏರುತ್ತವೆ. ಇದರಲ್ಲೊಂದು ತೊಡಕಿದೆ. ನಾಲ್ಕು ಮೂಟೆ ತೂಕ ನಾಲ್ಕು ಬೋಲ್ಟಿನ ತಲೆಗಳಿಗೆ ಹಂಚಿದರೆ ಒಂದೊಂದಕ್ಕೆ ಒಂದು ಮೂಟೆ. ಅಷ್ಟು ಚಿಕ್ಕ ಜಾಗದ ಮೇಲೆ 50 ಕೆ.ಜಿ. ಕೂತರೆ ಆಕ್ಸೈಡಿನ ತೆಳು ಮೇಲ್ಪದರ ಚಕ್ಕೆ ಏಳುತ್ತದೆ, ಅದರಲ್ಲೂ ಟೊಳ್ಳಿನ ಮೇಲೆ. ಹಾಗಾಗಿ ಪ್ರತಿ ಬೋಲ್ಟಿನ ಕೆಳಗೆ ಕಡಪ ಕಲ್ಲಿನ ಒಂದು ತುಂಡು. ಟೊಳ್ಳಿನ ಮೂಲೆಗೆ ಸಣ್ಣ ತುಂಡು ಸಾಲದು. ಗಟ್ಟಿ ನೆಲದವರೆಗೂ ಚಾಚುವ ಉದ್ದದ ಪಟ್ಟಿಯೇ ಬೇಕು. ಟೊಳ್ಳಿಗೆ ತೂತು ಕೊರೆದು ತೆಳುವಾದ ಸಿಮೆಂಟು ಹಾಲು ಇಳಿಸುವುದೂ ಆಗಲಿ ಎಂದು ಮೇಸ್ತ್ರಿ ಸೇರಿಸಿದರು. ಹೆಗ್ಗಣದ ಬಿಲ ಹೊರಗಿನಿಂದ ಮುಚ್ಚಿದ ಮೇಲೆ.

"ನೀರು ತುಂಬಿದ ಮೇಲೆ ಹೆಚ್ಚುಕಮ್ಮಿ ಅನಿಸಿದ್ರೆ ಬೋಲ್ಟು ತಿರುಗಿಸಬಹುದಾ?"

"ತುಂಬಿದ್ರ ಮೇಲೆ ಬ್ಯಾಡ. ಕಾಲು ಭಾಗಕ್ಕಿಂತ ಕೆಳಗೆ ನೀರು ಇಳ್ಸಿ, ಆಮೇಲೆ ಕೈ ಹಾಕಿ. ತುಂಬಿದಾಗ ಒಂದು ಕಾಲನ್ನ ಎತ್ತಿದ್ರೆ ನೀವೇ ತಿರುಚಿದಂಗೆ."

ಇನ್ನುಳಿದದ್ದು ಬಿರುಕು. ಅದು ಹಳೆಯದೇ, ಇನ್ನೂ ಬೆಳೆಯುತ್ತಿದೆಯೇ? 2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನ ಜೊತೆಗೆ ಈ ಬೆಟ್ಟಗಳೂ ಕುಸಿದವು. ಶಿರಾಡಿ ಘಾಟಿಯ ರಸ್ತೆಯೂ ಘಾಟಿಯ ರೈಲೂ ಬಂದ್ ಆದವು. ಆ ಮಳೆಯ ನಂತರ ಗುಡ್ಡದ ಮನೆಗಳಲ್ಲಿ ನೆಲದ ಗೆರೆ ಕಂಡರೆ ಜನ ಎರಡು ಸಲ ನೋಡುತ್ತಾರೆ. ಮೇಸ್ತ್ರಿ ಹೇಳಿದ ಪರೀಕ್ಷೆ ಇಂಜಿನಿಯರುಗಳೂ ಮಾಡುವಂಥದ್ದು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಇಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿ, ಮೇಲೆ ತಾರೀಖು ಬರೆದಿಡುವುದು. ಬಿರುಕು ಸತ್ತಿದ್ದರೆ ಗಾಜು ಹಾಗೇ ಇರುತ್ತದೆ. ಕೂದಲೆಳೆಯಷ್ಟು ಅಲುಗಿದರೂ ಪಟ್ಟಿ ಒಡೆಯುತ್ತದೆ. ಒಂದು ಮಳೆಗಾಲ ಪೂರ್ತಿ ನೋಡಬೇಕು. ಬೇಸಿಗೆಯಲ್ಲಿ ಒಡೆಯದ ಗಾಜಿಗೆ ಅರ್ಥವಿಲ್ಲ. ಒಡೆದರೆ, ಟ್ಯಾಂಕಿನ ಚಿಂತೆ ಬಿಟ್ಟು ಮನೆಯ ಹಿಂದಿನ ಚರಂಡಿ ನೋಡಬೇಕು. ಗುಡ್ಡದ ನೀರು ಪಾಯದಡಿ ಇಳಿಯುತ್ತಿದೆ ಎಂದೇ ಲೆಕ್ಕ.

ಬಾಗಿಲವರೆಗೆ ಹೋದ ಮೇಸ್ತ್ರಿಯನ್ನು ಮಗ ತಡೆದ. ಅವನಿಗೆ ಬೇಕಾದದ್ದು ಗೋಲ್ಡ್ ಫಿಶ್ ಅಲ್ಲವಂತೆ, ಮಿಸ್ ಕೇರಳ. ಕೇರಳ ಮತ್ತು ಕರ್ನಾಟಕದ ದಕ್ಷಿಣ ಭಾಗದ ಪಶ್ಚಿಮಘಟ್ಟದ ಹೊಳೆಗಳ ಮೀನು, ಮೈಮೇಲೆ ಕೆಂಪು ಪಟ್ಟಿ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯದಂಚಿನ ಜೀವಿ. ಹಾಗಾಗಿ ಸಾಕಿ ಮರಿ ಮಾಡಿದವನ್ನೇ ಕೇಳಿ ಕೊಳ್ಳಬೇಕು, ಹೊಳೆಯಿಂದ ಹಿಡಿದದ್ದನ್ನಲ್ಲ ಎಂದು ತಾಯಿ ಆಗಲೇ ಷರತ್ತು ಹಾಕಿದ್ದರು. ತಂಪು ನೀರಿನ ಮೀನಾದ್ದರಿಂದ ಈ ಹವೆ ಅದಕ್ಕೆ ಹೊಂದುತ್ತದೆ. ತೊಂದರೆಯೆಂದರೆ ಅದು ಗುಂಪಾಗಿ, ವೇಗವಾಗಿ, ಉದ್ದಕ್ಕೆ ಈಜುವ ಮೀನು. ಮೂರಡಿ ಅದಕ್ಕೆ ಸಾಲುವುದಿಲ್ಲ.

"ಮುಂದಿನ ವರ್ಷ ನಾಲ್ಕಡಿದು ತರ್ತೀವಿ," ಎಂದ ಹುಡುಗ. "ಎರಡಡಿ ಎತ್ತರದ್ದು."

ಟೀಚರು ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದರು. ನೀರು 300 ಲೀಟರಿನ ಹತ್ತಿರ; ದಪ್ಪ ಗಾಜು, ಜಲ್ಲಿ, ಸ್ಟ್ಯಾಂಡು ಸೇರಿ ನಾಲ್ಕೂಕಾಲು, ನಾಲ್ಕೂವರೆ ಕ್ವಿಂಟಾಲ್. ಮುಂದಿನ ಗಾಜಿನ ಮೇಲಿನ ಬಲ 72ರಿಂದ 180 ಕೆ.ಜಿ.ಗೆ ಏರುತ್ತದೆ, ಉದ್ದ ಹೆಚ್ಚಿದ್ದಕ್ಕಿಂತ ಆಳ ಹೆಚ್ಚಿದ್ದರ ಫಲ ಅದು.

"ಒಂಬತ್ತು ಮೂಟೆ," ಎಂದು ಮೇಸ್ತ್ರಿ ತಲೆಯಾಡಿಸಿದರು. "ಬೋಲ್ಟು ಗೀಲ್ಟು ಆಗಲ್ಲ. ಈ ಮೂಲೇಲಿ ಇಡೋದಾದ್ರೆ ನೆಲ ಒಡೆದು, ಗಟ್ಟಿ ಮಣ್ಣು ಸಿಗೋವರ್ಗೂ ತೆಗೆದು, ಕಾಂಕ್ರೀಟ್ ಹಾಕ್ಬೇಕು. ಇಲ್ಲಾಂದ್ರೆ ಗುಡ್ಡ ಕಡಿದ ಕಡೆ ಗೋಡೆಗೆ ಇಡಿ, ಅಲ್ಲಿ ನೆಲ ಕಲ್ಲಿದ್ದಂಗಿದೆ, ಏನೂ ಮಾಡೋದೇ ಬ್ಯಾಡ."

"ಆ ಗೋಡೆಗೆ ನಮ್ಮತ್ತೆಯವರ ಮಂಚ ಇದೆ ಮೇಸ್ತ್ರಿ."

"ಹಂಗಾದ್ರೆ ಮೊದ್ಲು ಅಜ್ಜಮ್ಮನ್ನ ಕೇಳಿ. ಅವ್ರು ಒಪ್ಪಿದ್ ಮೇಲೆ ಫೋನ್ ಮಾಡಿ, ಪೈಪು ತರ್ತೀನಿ."